ಹೊಳೆಯುವ ಮೀನಿಗೆ ಸುಳ್ಳು ಹೇಳೋಕೆ ಬರಲ್ಲ

ಸುಶಿ ಅಂದ ಕೂಡಲೇ ನಮಗೆ ನೆನಪಾಗೋದು ಕಿತ್ತಳೆ ಬಣ್ಣದ ಸಾಲ್ಮನ್. ರೀಲ್ಸ್‌ನಲ್ಲೂ ಅದೇ, ಮಾಲ್‌ನ ಮೆನುವಿನಲ್ಲೂ ಅದೇ. ಆದರೆ ಜಪಾನಿನ ಹಳೇ ಸುಶಿ ಅಂಗಡಿಗಳಲ್ಲಿ ಬಾಣಸಿಗನ ಕೈಗುಣ ಗೊತ್ತಾಗೋದು ಬೇರೆ ಮೀನುಗಳಲ್ಲಿ. ಅವಕ್ಕೆ ‘ಹಿಕಾರಿಮೊನೊ’ ಅಂತ ಹೆಸರು. ಅಂದರೆ, ಹೊಳೆಯುವಂಥವು. ಬೆಳ್ಳಿಯಂಥ ಚರ್ಮವನ್ನು ಹಾಗೇ ಉಳಿಸಿ, ಅನ್ನದ ಉಂಡೆಯ ಮೇಲೆ ಕೂರಿಸುವ ಮೀನುಗಳು: ಸಾಬಾ, ಅಜಿ, ಇವಾಶಿ, ಕೊಹಾದಾ. ಹೆಸರು ಕೇಳಿ ಗಾಬರಿಯಾಗಬೇಡಿ. ಸಾಬಾ ನಮ್ಮ ಬಂಗುಡೆಯ ದಾಯಾದಿ. ಇವಾಶಿ ನಮ್ಮ ಬೂತಾಯಿಯ ನೆಂಟ. ಬೆಂಗಳೂರಿನ ಮಾರ್ಕೆಟ್‌ನಲ್ಲಿ ಮತ್ತಿ ಅಂತ ಕೂಗ್ತಾರಲ್ಲ, ಆ ಬೂತಾಯಿ.

ಚನ್ನಪಟ್ಟಣದ ಕಡೆಯ ನನಗೆ ಈ ಮೀನುಗಳ ಪರಿಚಯವಾದದ್ದು ಬಿಡದಿಯಿಂದಾಗಿ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿ, 1999ರ ಕೊನೆಗೆ ಬಿಡದಿಯಲ್ಲಿ ಕಾರು ತಯಾರಾಗತೊಡಗಿದ ಮೇಲೆ ನಮ್ಮ ಕಡೆ ಜಪಾನೀಯರು ಅಪರೂಪವೇನಲ್ಲ. ನಾನು ಕೆಲಸ ಮಾಡುವ ಬಿಡಿಭಾಗದ ಫ್ಯಾಕ್ಟರಿಗೂ ಒಬ್ಬರು ಹಿರಿಯರು ಬಂದಿದ್ದರು. ವಾಪಸ್ ಹೋಗುವ ಮುಂಚೆ ನಮ್ಮನ್ನು ಬೆಂಗಳೂರಿನ ಜಪಾನಿ ಹೋಟೆಲಿಗೆ ಕರೆದೊಯ್ದು ಸಾಬಾ ತಿನ್ನಿಸಿದರು. ಉಪ್ಪು, ಹುಳಿ, ಆಮೇಲೆ ನಿಧಾನಕ್ಕೆ ಬರುವ ಎಣ್ಣೆಯ ರುಚಿ. ನಾಲಿಗೆಗೆ ಅದು ಹೊಸದು ಅನ್ನಿಸಲಿಲ್ಲ.

ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. “ದುಡ್ಡು ಕೊಟ್ಟು ಹಸಿ ಮೀನು ತಿನ್ಕಂಡ್ ಬಂದ್ಯಾ ಮಗ?” ಅಂದಳು.

ಹಸಿಯದೇ, ಆದರೆ ಪೂರ್ತಿ ಹಸಿಯಲ್ಲ ಅಂತ ವಿವರಿಸಿದೆ. ಈ ಮೀನುಗಳಲ್ಲಿ ಎಣ್ಣೆ ಜಾಸ್ತಿ, ಬೇಗ ಕೆಡುತ್ತವೆ. ಇವಾಶಿಯ ಹೆಸರನ್ನು ಬರೆಯುವ ಅಕ್ಷರದಲ್ಲೇ ‘ಮೀನು’ ಮತ್ತು ‘ದುರ್ಬಲ’ ಎರಡೂ ಸೇರಿವೆ. ಹಾಗಾಗಿ ಸಾಬಾವನ್ನು ಸೀಳಿ, ಮುಳ್ಳು ತೆಗೆದು, ಧಾರಾಳವಾಗಿ ಉಪ್ಪು ಹಾಕಿ ಇಡುತ್ತಾರೆ. ಉಪ್ಪು ನೀರನ್ನು ಎಳೆದು ಮಾಂಸವನ್ನು ಗಟ್ಟಿ ಮಾಡುತ್ತೆ. ಆಮೇಲೆ ತೊಳೆದು, ಅಕ್ಕಿಯ ವಿನೆಗರ್‌ನಲ್ಲಿ ಅದ್ದಿಡುತ್ತಾರೆ. ಎಷ್ಟು ಹೊತ್ತು ಅನ್ನೋದು ಮೀನಿನ ಗಾತ್ರ, ಕೊಬ್ಬು, ಆವತ್ತಿನ ಸೆಖೆ ನೋಡಿಕೊಂಡು. ಅದೇ ಬಾಣಸಿಗನ ವಿದ್ಯೆ. ಕೊಹಾದಾ ಅನ್ನೋ ಪುಟ್ಟ ಮೀನು ತಿಂದರೆ ಸಾಕು, ಅಂಗಡಿಯ ಮಟ್ಟ ಗೊತ್ತಾಗುತ್ತೆ ಅನ್ನೋ ಮಾತು ಅಲ್ಲಿದೆ.

ಅವ್ವ ಹುಣಸೆಹಣ್ಣು ಕಿವುಚಿ ಮಾಡುವುದೂ ಇದನ್ನೇ. ಹುಳಿ ಬರೀ ರುಚಿಗಲ್ಲ. ಮೀನಿನ ವಾಸನೆಗೆ ಕಾರಣವಾದ ಅಮೈನ್‌ಗಳನ್ನು ಆಮ್ಲ ಕಟ್ಟಿಹಾಕುತ್ತೆ. ನೆನ್ನೆಯ ಮೀನು ಸಾರು ಇವತ್ತಿನ ಮುದ್ದೆಗೆ ಇನ್ನೂ ರುಚಿ ಅಂತ ನಮ್ಮ ಕಡೆ ಹೇಳೋದು ಸುಮ್ಮನೆ ಅಲ್ಲ.

ಜಪಾನಿನ ಇನ್ನೊಂದು ಸಂಗತಿ ನಮ್ಮ ಜಿಲ್ಲೆಗೆ ಇನ್ನೂ ಹತ್ತಿರ. ಕ್ಯೋಟೋ ಸಮುದ್ರದಿಂದ ದೂರದ ಊರು. ಹಿಂದೆ ವಕಾಸಾ ಕರಾವಳಿಯ ಒಬಾಮಾದಿಂದ ಸಾಬಾಗೆ ಉಪ್ಪು ಹಾಕಿ, ಹೊತ್ತುಕೊಂಡು ಬೆಟ್ಟ ದಾಟಿ ಸುಮಾರು 72 ಕಿ.ಮೀ. ನಡೆದು ತರುತ್ತಿದ್ದರು. ಕ್ಯೋಟೋ ಮುಟ್ಟುವ ಹೊತ್ತಿಗೆ ಉಪ್ಪು ಹದವಾಗಿ ಹಿಡಿದಿರುತ್ತಿತ್ತಂತೆ. ಆ ದಾರಿಗೆ ಇವತ್ತಿಗೂ ‘ಸಾಬಾ ರಸ್ತೆ’ ಅಂತಲೇ ಹೆಸರು. ಅದರಿಂದ ಮಾಡುವ ಸಾಬಾ ಸುಶಿ ಕ್ಯೋಟೋದ ಹಬ್ಬದ ಊಟ.

ಇದನ್ನು ಕೇಳಿ ಅವ್ವ ತಲೆಯಾಡಿಸಿದಳು. “ನಮ್ಮಂಗೇ ಸಮುದ್ರ ಇಲ್ದಿರೋ ಊರು ಅನ್ನು.”

ಹೌದಲ್ಲ! ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವುದಕ್ಕೂ ಕಡಲಿಲ್ಲ. ತಾಜಾ ಮೀನು ಅಂದರೆ ಕಣ್ವ ಜಲಾಶಯದ್ದು, ಮಂಚನಬೆಲೆಯದ್ದು, ಸಂಗಮದ ಹೊಳೆಯದ್ದು, ಊರ ಕೆರೆಯದ್ದು. ಕಡಲ ಮೀನು ಬರಬೇಕಾದರೆ ಘಟ್ಟ ಹತ್ತಿ ಮುನ್ನೂರು ಕಿ.ಮೀ. ದಾಟಿ ಬರಬೇಕು. ಈಗ ಐಸ್ ತುಂಬಿದ ಪೆಟ್ಟಿಗೆಗಳಲ್ಲಿ ಬರುತ್ತೆ. ಮುಂಚೆ ಉಪ್ಪು ಮತ್ತು ಬಿಸಿಲಿನ ದಯೆಯಿಂದ ಒಣಮೀನಾಗಿ ಸಂತೆಗೆ ಬರುತ್ತಿತ್ತು. ಬದನೆಕಾಯಿ, ಅವರೆಕಾಳು ಹಾಕಿದ ಒಣಮೀನು ಸಾರು ನಮ್ಮ ‘ಸಾಬಾ ರಸ್ತೆ’ಯ ಕೊನೆಯ ನಿಲ್ದಾಣ.

ವ್ಯತ್ಯಾಸ ಇರೋದು ಒಂದೇ. ಕ್ಯೋಟೋ ತನ್ನ ಮೀನಿನ ಬಗ್ಗೆ ಹೆಮ್ಮೆಪಡುತ್ತೆ. ನಾನು ಬಾಡಿಗೆ ಮನೆ ಸೇರಿದ ಮೇಲೆ ಅವ್ವ ಒಣಮೀನು ಕಟ್ಟಿಕೊಡುವುದನ್ನೇ ನಿಲ್ಲಿಸಿದ್ದಳು. “ಅಕ್ಕಪಕ್ಕದೋರು ಏನಂದ್ಕೊತಾರೆ, ವಾಸ್ನೆ ಆಯ್ತದೆ.” ನಾನು ಬೇಡ ಅಂದಿರಲಿಲ್ಲ. ಯಾರೂ ಅಂದಿರಲಿಲ್ಲ. ಮನೆ ಹುಡುಕುವಾಗ ‘ಮೀನು ಗೀನು ಬೇಯಿಸೋ ಹಾಗಿಲ್ಲ’ ಅನ್ನೋ ಮಾತನ್ನು ಎಷ್ಟೋ ಬಾಗಿಲಲ್ಲಿ ಕೇಳಿದ್ದನ್ನು ನಾನೇ ಅವಳಿಗೆ ಹೇಳಿದ್ದೆ, ಅಷ್ಟೇ. ನಾಲ್ಕು ತುಂಡು ಸಾಬಾದ ಬಿಲ್ ಕಂಡು ‘ವಾವ್’ ಅನ್ನುವ ಊರಿನಲ್ಲೇ, ನನ್ನ ಅವ್ವ ಅದರ ದಾಯಾದಿಯ ಬಗ್ಗೆ ನಾಚಿಕೆಪಡಬೇಕಾ?

ಹಾಗಂತ ಉತ್ಸಾಹದಲ್ಲಿ ಮಾರ್ಕೆಟ್‌ನ ಬಂಗುಡೆ ತಂದು ಮನೆಯಲ್ಲಿ ಸುಶಿ ಮಾಡಲು ಹೋಗಬೇಡಿ. ಕಡಲ ಮೀನಿನಲ್ಲಿ ಅನಿಸಾಕಿಸ್ ಅನ್ನೋ ಹುಳು ಇರಬಹುದು. ಉಪ್ಪು, ವಿನೆಗರ್‌ಗೆ ಅದು ಸಾಯಲ್ಲ. ಚೆನ್ನಾಗಿ ಬೇಯಬೇಕು, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿರಬೇಕು. ಜಪಾನಿನಲ್ಲಿ ಇದಕ್ಕೆ ಕನಿಷ್ಠ 24 ಗಂಟೆ ಅಂತಾರೆ, ಅಮೆರಿಕದ ನಿಯಮದಲ್ಲಿ 7 ದಿನ. ಮನೆ ಫ್ರಿಜ್ಜನ್ನು ನಂಬಿ ಕೂರಬೇಡಿ. ಕೆರೆ ಮೀನನ್ನಂತೂ ಹಸಿಯಾಗಿ ತಿನ್ನಲೇಬಾರದು. ಇನ್ನೊಂದು ವಿಷಯ: ಬಂಗುಡೆಯನ್ನು ಐಸ್ ಇಲ್ಲದೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟಿಕೊಳ್ಳುತ್ತೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತಲೆನೋವು, ತುರಿಕೆ ಶುರುವಾಗಬಹುದು.

ಹಾಗಾದರೆ ಒಳ್ಳೆ ಮೀನು ಗುರುತಿಸೋದು ಹೇಗೆ? ಅವ್ವನ ಪಾಠ ಮೂರೇ ಸಾಲು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಎತ್ತಿದರೆ ಕೆಂಪಗಿರಬೇಕು, ಒತ್ತಿದ ಬೆರಳಿನ ಗುರುತು ಉಳೀಬಾರದು. ಜಪಾನಿನವರು ನೋಡೋದೂ ಇದನ್ನೇ, ಜೊತೆಗೆ ಹೊಳಪನ್ನು. ಚರ್ಮದೊಳಗಿನ ಗ್ವಾನಿನ್ ಹರಳುಗಳು ಪುಟ್ಟ ಕನ್ನಡಿಗಳಂತೆ ಬೆಳಕು ಚಿಮ್ಮಿಸುವುದರಿಂದ ಬರುವ ಹೊಳಪು ಅದು. ಮೀನು ಹಳತಾದಂತೆ ಮಂಕಾಗುತ್ತೆ. ಮಸಾಲೆ ಹಚ್ಚಿ ಮುಚ್ಚಬಹುದೇ ಹೊರತು ಮರಳಿ ತರಲಾಗಲ್ಲ. ಹೊಳೆಯುವ ಮೀನಿಗೆ ಸುಳ್ಳು ಹೇಳೋಕೆ ಬರಲ್ಲ.

ಜೂನ್, ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಹಸಿ ಬಂಗುಡೆ ಕಮ್ಮಿ, ಬೆಲೆ ಜಾಸ್ತಿ. ಒಣಮೀನಿಗೆ ಅದೇ ಕಾಲ. ಕಳೆದ ಮಳೆಗಾಲದಲ್ಲಿ ನಾನೇ ಕೇಳಿ ಒಂದು ಡಬ್ಬಿ ತಂದೆ. ಅವ್ವ ಮೂರು ಕವರ್ ಸುತ್ತಿ, ಮೇಲೆ ಹಳೇ ಟವೆಲ್ ಕಟ್ಟಿ ಕೊಟ್ಟಿದ್ದಳು. ಭಾನುವಾರ ಕಿಟಕಿ ತೆರೆದೇ ಸಾರು ಮಾಡಿದೆ. ಪಕ್ಕದ ಮನೆಯ ಹುಡುಗ ಬಾಗಿಲು ತಟ್ಟಿದ. ಕಾರವಾರದವನಂತೆ. “ಸುಂಗಟೆನಾ, ಬಂಗುಡೆನಾ?” ಅಂತ ಕೇಳಿ, ತಟ್ಟೆ ತರೋಕೆ ವಾಪಸ್ ಹೋದ.