ಏಕಾದಶಿಯೂ ಎದೆಯ ಯಂತ್ರವೂ

ಉಡುಪಿಯಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರ ಹೃದಯವು ದುರ್ಬಲವಾಗಿ, ವೈದ್ಯರು ಅವರ ಎಡಹೆಗಲ ಕೆಳಗೆ ಚರ್ಮದೊಳಗೆ ಡಿಫಿಬ್ರಿಲೇಟರ್ ಎಂಬ ಕಿರುಯಂತ್ರವನ್ನಿರಿಸಿರುವರು. ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ 1980ರಲ್ಲಿ ಮೊತ್ತಮೊದಲು ಮನುಷ್ಯದೇಹದಲ್ಲಿ ಅಳವಡಿಸಲ್ಪಟ್ಟ ಈ ಯಂತ್ರವು, ಹೃದಯಗತಿಯು ಮಾರಕವಾಗಿ ಕೆಟ್ಟಾಗ ವಿದ್ಯುದಾಘಾತವಿತ್ತು ಪ್ರಾಣವನ್ನುಳಿಸುವುದು. ಆದರೆ ಆ ಪೆಟ್ಟು ಎದೆಗೆ ಒದ್ದಂತಿರುವುದಂತೆ!

ಕಳೆದ ವರ್ಷ ಏಕಾದಶಿಯಂದು ಅವರು ಗುಳಿಗೆಗಳನ್ನೂ ಬಿಟ್ಟು ನಿರ್ಜಲರಾಗಿದ್ದರು. ದ್ವಾದಶಿಯ ಬೆಳಗ್ಗೆ ಪಾರಣೆಗೆ ಮೊದಲೇ ಪೆಟ್ಟು ಬಿದ್ದಿತು. ಮದ್ದು ತಪ್ಪುವುದು, ವಾಂತಿಭೇದಿಯಿಂದಾಗಲಿ ಮೂತ್ರವಿಳಿಸುವ ಗುಳಿಗೆಯಿಂದಾಗಲಿ ರಕ್ತದಲ್ಲಿ ಪೊಟ್ಯಾಸಿಯಂ ಕುಗ್ಗುವುದು, ಕಾಲು ಬಾತು ಉಬ್ಬಸವೇರುವುದು, ಅತಿಯಾದ ಮದ್ಯಪಾನ, ಇವೆಲ್ಲ ಆಘಾತವನ್ನು ಕರೆಯತಕ್ಕವು. ಹೃದಯದ ಮೇಲಣ ಕೋಣೆಗಳು ಕ್ರಮಗೆಟ್ಟು ಕಂಪಿಸಿದರೆ ಯಂತ್ರವು ರಜ್ಜುವನ್ನು ಸರ್ಪವೆಂದು ಬಗೆದು ವೃಥಾ ಪೆಟ್ಟು ಕೊಡುವುದೂ ಉಂಟು.

ವ್ರತನಿಷ್ಠೆಯನ್ನು ನಾವು ಹಳಿಯುವವರಲ್ಲ. ಆದರೆ ವ್ರತವನ್ನು ಕೆಡಿಸದ ಎಂಟರೊಳಗೆ ನೀರನ್ನೂ ಔಷಧವನ್ನೂ ಧರ್ಮಶಾಸ್ತ್ರವೇ ಎಣಿಸಿದೆಯಷ್ಟೆ! ನಾವು ಇದನ್ನು ಹೇಳಲು, ವೈದ್ಯರ ಮಾತಿಗಿಂತ ಇದೇ ಅವರಿಗೆ ಹೆಚ್ಚು ರುಚಿಸಿತು.

ಒಂದೇ ಪೆಟ್ಟು ಬಿದ್ದು ಮೈ ಸ್ವಸ್ಥವಾಗಿದ್ದರೆ ಅಂದೇ ವೈದ್ಯರಿಗೆ ತಿಳಿಸತಕ್ಕದ್ದು. ಮತ್ತೆ ಮತ್ತೆ ಬಿದ್ದರೆ, ಇಲ್ಲವೆ ಎದೆನೋವೋ ತಲೆಸುತ್ತೋ ಇದ್ದರೆ, ನಡುರಾತ್ರಿಯಾದರೂ ಮಣಿಪಾಲದ ಆಸ್ಪತ್ರೆಗೆ ಒಯ್ಯತಕ್ಕದ್ದು.