ಉಪ್ಪು ಉಳಿದ ಹೊಳೆ

ರಾಮ್ಸಾರ್ ಎಂಬುದು ಇರಾನಿನಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿರುವ ಒಂದು ಪಟ್ಟಣ. 1971ರ ಫೆಬ್ರುವರಿ 2ರಂದು ಅಲ್ಲಿ ಸೇರಿದ ದೇಶಗಳು ಜೌಗು ಪ್ರದೇಶಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡವು. ಭಾರತ 1982ರಲ್ಲಿ ಅದಕ್ಕೆ ಸೇರಿತು. ಕುಮಟಾದ ಅಘನಾಶಿನಿ ಅಳಿವೆ ಆ ಪಟ್ಟಿಯಲ್ಲಿ ಬಂದದ್ದು 2024ರಲ್ಲಿ.

ಹಾಗಂತ ಈ ಹೊಳೆಯನ್ನು ಕಾಪಾಡಿದ್ದು ರಾಮ್ಸಾರ್ ಅಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬೀಳಲಿಲ್ಲ. ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ, ಬಂದರು ಎಂಬ ಮಾತು ಬಂದಾಗಲೆಲ್ಲ ಜನ ಎದ್ದು ನಿಂತರು. ಹಾಗಾಗಿ ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ತಮ್ಮ ತಮ್ಮ ಹೊತ್ತಿಗೆ ಬಂದು ಹೋಗುತ್ತವೆ. ಗಜನಿಯಲ್ಲಿ ಕಗ್ಗ ಬೆಳೆಯುವುದು ಇದೇ ಲೆಕ್ಕದ ಮೇಲೆ. ಉಪ್ಪು ತಾಳುವ ಭತ್ತ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟರೆ ಸಿಗಡಿ, ಮೀನು. ಒಪ್ಪಂದದಲ್ಲಿ 'ವಿವೇಕದ ಬಳಕೆ' ಎಂಬ ಮಾತಿದೆ. ಅದರ ಅರ್ಥ ವಿವರಿಸುವ ಕೈಪಿಡಿಗಳನ್ನು ಎರಡು ವರ್ಷ ಓದಿದ್ದೇನೆ. ಒಂದು ಗಜನಿ ಕಟ್ಟೆಯ ಮೇಲೆ ನಡೆದಾಗ ಹೆಚ್ಚು ತಿಳಿಯಿತು.

ಹೊನ್ನಾವರದ ಕತೆ ಬೇರೆ. ಇಳಿತದ ಹೊತ್ತಿಗೆ ಅಘನಾಶಿನಿಯಲ್ಲಿ ಬಳಚು ಆರಿಸುತ್ತಿದ್ದ ಅಕ್ಕ ಒಬ್ಬರನ್ನು, ಶರಾವತಿಯಲ್ಲೂ ಸಿಗುತ್ತದಾ ಎಂದು ಕೇಳಿದೆ. "ಆ ಹೊಳೆಗೆ ಉಪ್ಪೆಲ್ಲಿದೆ ತಂಗಿ?" ಎಂದರು. ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಅಲ್ಲಿಂದ ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಅಳಿವೆಗೆ ಇಳಿಯುತ್ತದೆ. ಉಪ್ಪಿನಂಶ ತಗ್ಗಿ ಮೀನು, ಚಿಪ್ಪುಜೀವಿಗಳು ಕುಗ್ಗಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ.

ನನಗೆ ತೊಡಕಾಗುವುದು ಇಲ್ಲೇ. 2015ರ ಪ್ಯಾರಿಸ್ ಒಪ್ಪಂದದ ಲೆಕ್ಕದಲ್ಲಿ ಶರಾವತಿಯದು ಶುದ್ಧ ವಿದ್ಯುತ್. ಕಲ್ಲಿದ್ದಲು ಸುಡುವುದಿಲ್ಲ, ಸರಿ. ಆದರೆ ಇಂಗಾಲ ಅಳೆಯುವ ತಕ್ಕಡಿಯಲ್ಲಿ ಉಪ್ಪಿಗೆ ತೂಕವಿಲ್ಲ. ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಸೌರ, ಪವನ ವಿದ್ಯುತ್ತನ್ನು ಕೂಡಿಡಲು ಬೇಕು ಎಂಬುದು ವಾದ. ಸಿಂಗಳೀಕಗಳ ಕಾಡು ಅದಕ್ಕೆ ನೆಲ ಕೊಡಬೇಕು.

ಹವಾಮಾನದ ಮಾತೇ ಬೇಡ ಎಂದು ತಳ್ಳಿಹಾಕಲೂ ಆಗದು. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಸತ್ತರು. ಅದೇ ನವೆಂಬರಿನಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ದೇಶಗಳು ಇಂಥ ಹಾನಿಗೆ ಪರಿಹಾರ ನಿಧಿಯೊಂದನ್ನು ಕಟ್ಟಲು ಒಪ್ಪಿದವು.

ರಾಮ್ಸಾರ್, ಪ್ಯಾರಿಸ್ ಎರಡರ ಕಡತಗಳೂ ದಿಲ್ಲಿಯ ಒಂದೇ ಸಚಿವಾಲಯದಲ್ಲಿವೆ. ಕುಮಟಾ, ಹೊನ್ನಾವರದ ಅಳಿವೆಗಳೂ ದೂರವೇನಲ್ಲ. ಬಸ್ಸಿನಲ್ಲಿ ಹತ್ತಿದರೆ ಒಂದು ತಾಸೂ ಬೇಡ. ಆ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಬಿಚ್ಚುವವರು ಯಾರು ಎಂದು ಹುಡುಕುತ್ತಿದ್ದೇನೆ.