ಗಾಜಿನ ಎಳೆ

ಮನೆಯಲ್ಲಿರುವ ವಸ್ತುವಿನ ಬೆಲೆ ನಮಗೆ ತಿಳಿಯುವುದು ಅದು ಕೆಟ್ಟು ನಿಂತ ದಿನ. ಬಾವಿಯ ರಾಟೆ ತಿರುಗುತ್ತಿರುವಷ್ಟು ಕಾಲ ಅದರತ್ತ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹಗ್ಗ ಹರಿದು ಕೊಡವು ಬಾವಿಯ ಪಾಲಾದಾಗ ಮಾತ್ರ ಮನೆಮಂದಿಯೆಲ್ಲ ಕಟ್ಟೆಯ ಸುತ್ತ ನೆರೆಯುತ್ತಾರೆ. ನಮ್ಮ ಮನೆಯ ಅಂತರಜಾಲದ ಕತೆಯೂ ಹೀಗೆಯೇ ಆಯಿತು.

ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಸೀಮೆಸುಣ್ಣ, ಕರಿಹಲಗೆ, ಹಳಗನ್ನಡದ ಕಾವ್ಯಗಳು, ಇವೇ ನನ್ನ ಲೋಕ. ಸಾಗರದ ಹೊರವಲಯದಲ್ಲಿರುವ ನಮ್ಮ ಹಂಚಿನ ಮನೆಗೆ ಅಂತರಜಾಲವನ್ನು ಹಾಕಿಸಿದವನು ಬೆಂಗಳೂರಿನಲ್ಲಿರುವ ನನ್ನ ಮಗ. 2020ರಲ್ಲಿ ಕೊರೋನಾ ಹಬ್ಬಿ ಊರೂರುಗಳ ನಡುವೆ ಓಡಾಟ ನಿಂತಾಗ, "ಒಬ್ಬರ ಮುಖವನ್ನೊಬ್ಬರು ನೋಡುವುದಕ್ಕಾದರೂ ಇರಲಿ ಅಪ್ಪಾ" ಎಂದು ಅವನು ಹಟ ಹಿಡಿದನು. ಓಡಾಟಕ್ಕೆ ಅನುಮತಿ ದೊರೆತ ಮೇಲೆ ಇಬ್ಬರು ಹುಡುಗರು ಬಂದರು. ರಸ್ತೆಯಂಚಿನ ಕಂಬದಿಂದ ಕಪ್ಪು ತಂತಿಯೊಂದನ್ನು ನಮ್ಮ ಗೋಡೆಯವರೆಗೆ ಎಳೆದರು. ಗೋಡೆಗೆ ಅಂಗೈಯಗಲದ ಬಿಳಿಯ ಡಬ್ಬಿಯೊಂದನ್ನು ಬಡಿದರು. ಅಲ್ಲಿಂದ ಹಳದಿ ಬಣ್ಣದ ಸಣ್ಣ ಎಳೆಯೊಂದನ್ನು ತಂದು ಮೇಜಿನ ಮೇಲಿನ ಪೆಟ್ಟಿಗೆಗೆ ಸೇರಿಸಿದರು. ಪೆಟ್ಟಿಗೆಯಲ್ಲಿ ಸಾಲಾಗಿ ಹಸಿರು ದೀಪಗಳು ಹೊತ್ತಿಕೊಂಡವು. ಜನರು ಅದನ್ನು ಮೋಡೆಮ್ ಎನ್ನುತ್ತಾರೆ. ಮೊದಮೊದಲು ನನಗೆ ಅದು ದೇವರ ಮನೆಯ ನಂದಾದೀಪದಂತೆ ಕಂಡಿತು. ಉರಿಯುತ್ತಿದ್ದರೆ ಸರಿ, ಏಕೆ ಉರಿಯುತ್ತಿದೆ ಎಂದು ಕೇಳುವ ಗೊಡವೆಗೆ ನಾನು ಹೋಗಲಿಲ್ಲ.

ಎರಡು ವರ್ಷಗಳು ಕಳೆದವು. ಆಷಾಢದ ಒಂದು ದಿನ ಮಲೆನಾಡಿನ ಮಳೆ ಜಡಿದು ಹೊಯ್ಯುತ್ತಿತ್ತು. ಬೆಳಗಿನಿಂದ ಕರೆಂಟಿರಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರಗಳನ್ನು ಸುತ್ತಿಕೊಂಡು, ಅರ್ಧ ನೆನೆದು ಬಂದಳು. ಅವಳ ತಂದೆ ಇಲ್ಲ. ತಾಯಿ ಅಡಿಕೆ ಸುಲಿದು ಮಗಳನ್ನು ಓದಿಸುತ್ತಿದ್ದವಳು. "ಮೇಷ್ಟ್ರೇ, ವಿದ್ಯಾರ್ಥಿವೇತನದ ಅರ್ಜಿಗೆ ಇವತ್ತು ರಾತ್ರಿ ಹನ್ನೆರಡು ಗಂಟೆಯೇ ಕೊನೆ. ಆದಾಯದ ಪ್ರಮಾಣಪತ್ರ ಈಗ ತಾನೇ ಕೈಗೆ ಸಿಕ್ಕಿತು. ಪೇಟೆಯ ಸೈಬರ್ ಅಂಗಡಿಗಳೆಲ್ಲ ಬಾಗಿಲು ಹಾಕಿವೆ" ಎಂದಳು. "ಅದಕ್ಕೇನಮ್ಮ, ನಮ್ಮಲ್ಲಿ ಇನ್ವರ್ಟರ್ ಇದೆ. ಬಾ, ಕುಳಿತುಕೋ" ಎಂದು ನಾನು ಅಭಿಮಾನದಿಂದಲೇ ಕಂಪ್ಯೂಟರನ್ನು ತೆರೆದೆನು.

ಪುಟ ತೆರೆಯಲಿಲ್ಲ. ಮತ್ತೆ ಒತ್ತಿದೆನು, ತೆರೆಯಲಿಲ್ಲ. ಪೆಟ್ಟಿಗೆಯ ಕಡೆಗೆ ನೋಡಿದರೆ ಹಸಿರು ದೀಪಗಳ ನಡುವೆ ಒಂದು ಕೆಂಪು ದೀಪವು ಮಿಟುಕುತ್ತಿತ್ತು. ಮೊಬೈಲಿನಲ್ಲಾದರೂ ಅರ್ಜಿ ಹಾಕೋಣವೆಂದರೆ, ಜಗಲಿಯ ತುದಿಯಲ್ಲಿ ನಿಂತರೆ ಮಾತಿಗೆ ಮಾತ್ರ ಸಾಲುವಷ್ಟು ಸಿಗ್ನಲ್ ಸಿಗುತ್ತಿತ್ತು. ಹುಡುಗಿಯ ಮುಖ ಬಾಡಿತು. ನನಗೆ ಸಿಟ್ಟು ಏರಿತು.

ಸಿಟ್ಟು ಬಂದವನಿಗೆ ಮೊದಲು ಬೇಕಾಗುವುದು ಪರಿಹಾರವಲ್ಲ, ಬೈಯುವುದಕ್ಕೆ ಒಬ್ಬ ಮನುಷ್ಯ. ನನಗೆ ಸಿಕ್ಕಿದವನು ಸಂಪರ್ಕ ನೋಡಿಕೊಳ್ಳುವ ಲೈನ್‌ಮ್ಯಾನ್. ಜಗಲಿಯ ತುದಿಯಲ್ಲಿ ನಿಂತು, "ತಿಂಗಳು ತಿಂಗಳು ಹಣ ಎಣಿಸಿಕೊಳ್ಳುವುದಷ್ಟೇ ನಿಮಗೆ ಗೊತ್ತೋ? ಒಂದು ಮಕ್ಕಳ ಭವಿಷ್ಯ ಇಲ್ಲಿ ನಿಂತಿದೆ" ಎಂದು ಗದರಿದೆನು. ಆತ ಎದುರಾಡಲಿಲ್ಲ. "ಸಾರ್, ಕೆಂಪು ದೀಪದ ಕೆಳಗೆ ಎಲ್‌ಓಎಸ್ ಎಂದು ಬರೆದಿದೆಯೇ ನೋಡಿ" ಎಂದನು. ಬರೆದಿತ್ತು. "ಹಾಗಾದರೆ ಪೆಟ್ಟಿಗೆಗೆ ಬೆಳಕು ಬರುತ್ತಿಲ್ಲ ಸಾರ್. ನಿನ್ನೆಯಿಂದೀಚೆಗೆ ಮನೆಯೊಳಗೆ ಏನಾದರೂ ಕದಲಿಸಿದ್ದೀರಾ?" ಎಂದು ಕೇಳಿದನು. "ಒಳಗೆ ಏನೂ ಆಗಿಲ್ಲ. ತೊಂದರೆ ಇರುವುದು ನಿಮ್ಮ ಕಂಬದಲ್ಲಿ" ಎಂದು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟೆನು. ಈ ಉತ್ತರವನ್ನು ನೀವು ನೆನಪಿನಲ್ಲಿಡಬೇಕು. ನಾನಂತೂ ಮರೆಯಲಾರೆ.

ಏಳು ಗಂಟೆಯ ಸುಮಾರಿಗೆ ಆತ ಬಂದನು. ಇಪ್ಪತ್ತೈದರ ಆಸುಪಾಸಿನ ಯುವಕ. ಮೈಮೇಲೆ ಹರಿದ ರೈನ್‌ಕೋಟು, ಬೆನ್ನಿನಲ್ಲಿ ಚೀಲ, ಬೈಕಿಗೆ ಕಟ್ಟಿದ ಏಣಿ. ನನ್ನ ಮಾತನ್ನು ನಂಬಿ ಆತ ಮನೆಯೊಳಗೆ ಬರಲೇ ಇಲ್ಲ. ನೇರವಾಗಿ ಕಂಬಕ್ಕೆ ಏಣಿ ಹಾಕಿದನು. ಗಾಳಿಗೆ ಏಣಿ ಅಲುಗುತ್ತಿತ್ತು. ಆ ಹುಡುಗಿ ಕೊಡೆ ಹಿಡಿದು ಕೆಳಗೆ ನಿಂತು ಟಾರ್ಚು ತೋರಿಸಿದಳು. ಆತ ಕಂಬದ ಮೇಲಿನ ಡಬ್ಬಿಯನ್ನು ತೆರೆದು, ಕೈಯಳತೆಯ ಮಾಪಕವೊಂದಕ್ಕೆ ತಂತಿಯ ತುದಿಯನ್ನು ಸಿಕ್ಕಿಸಿ ನೋಡಿ, ಕೆಳಗಿಳಿದು, "ಕಂಬದವರೆಗೆ ಬೆಳಕು ಚೆನ್ನಾಗಿ ಬರುತ್ತಿದೆ ಸಾರ್, ಮೈನಸ್ ಹತ್ತೊಂಬತ್ತು" ಎಂದನು.

ಆಮೇಲೆ ಒಳಗೆ ಬಂದು ಗೋಡೆಯ ಬಿಳಿಯ ಡಬ್ಬಿಯಲ್ಲಿ ಅಳೆದನು: ಮೈನಸ್ ಇಪ್ಪತ್ತು. ಹಳದಿ ಎಳೆಯ ಇನ್ನೊಂದು ತುದಿಯನ್ನು ಪೆಟ್ಟಿಗೆಯಿಂದ ಬಿಡಿಸಿ ಅಳೆದನು: ಮೈನಸ್ ಮೂವತ್ತೈದು. ಈ ಲೆಕ್ಕದಲ್ಲಿ ಹತ್ತು ಅಂಕ ಇಳಿದರೆ ಬೆಳಕು ಹತ್ತನೆಯ ಒಂದು ಪಾಲಾಗುತ್ತದೆ. ಹದಿನೈದು ಇಳಿದರೆ ಮೂವತ್ತು ಪಾಲಿನಲ್ಲಿ ಒಂದು ಪಾಲು ಉಳಿದಂತೆ. ಅಷ್ಟು ಮಂಕು ಬೆಳಕನ್ನು ಪೆಟ್ಟಿಗೆ ಗುರುತಿಸಲಾರದು. "ತೊಂದರೆ ಈ ಮೂರು ಮೀಟರಿನೊಳಗೇ ಇದೆ" ಎಂದು ಹೇಳಿ ಆತ ಚೀಲದಿಂದ ಪೆನ್ನಿನಂಥ ಸಾಧನವೊಂದನ್ನು ತೆಗೆದು ಎಳೆಯ ತುದಿಗೆ ಸಿಕ್ಕಿಸಿ ಗುಂಡಿ ಒತ್ತಿದನು. "ಈಗ ದೀಪ ಆರಿಸಿ ಸಾರ್" ಎಂದನು.

ದೀಪ ಆರಿಸಿದೆನು. ಕತ್ತಲಲ್ಲಿ, ನನ್ನ ಪುಸ್ತಕದ ಕಪಾಟಿನ ಹಿಂದೆ, ನೆಲದಿಂದ ಒಂದು ಮೊಳ ಮೇಲೆ, ಕೆಂಡದ ಕಿಡಿಯಂತೆ ಒಂದು ಕೆಂಪು ಬೆಳಕು ಹೊಳೆಯಿತು. ಕಪಾಟಿನ ಅಂಚು ಗೋಡೆಗೆ ಅದುಮಿದ ಜಾಗದಲ್ಲಿ ಹಳದಿ ಎಳೆಯು ಚೂಪಾಗಿ ಮಡಿಸಿಕೊಂಡಿತ್ತು. ಒಳಗೆ ಹರಿಯಬೇಕಾಗಿದ್ದ ಬೆಳಕು ಅಲ್ಲಿ ಹೊರಗೆ ಸೋರುತ್ತಿತ್ತು.

ಆಗ ನನಗೆ ನೆನಪಾಯಿತು. ಆ ದಿನ ಬೆಳಗ್ಗೆ ಮಾಡು ಸೋರಿ ಪುಸ್ತಕಗಳು ನೆನೆದಾವೆಂದು ಹೆದರಿ, ನಾನೇ ಆ ಕಪಾಟನ್ನು ಮೂಲೆಗೆ ತಳ್ಳಿದ್ದೆನು. "ಒಳಗೆ ಏನೂ ಆಗಿಲ್ಲ" ಎಂದವನು ನಾನು. ಆ ಒಂದು ಮಾತಿಗಾಗಿ ಬಿರುಮಳೆಯಲ್ಲಿ ಕಂಬ ಹತ್ತಿದವನು ಆತ.

ನಾವಿಬ್ಬರೂ ಸೇರಿ ಕಪಾಟನ್ನು ಎಳೆದೆವು. ಎಳೆ ತುಂಡಾಗಿರಲಿಲ್ಲ, ಮಡಿಕೆ ಬಿಡಿಸಿದೊಡನೆ ಬೆಳಕು ಮರಳಿತು. ಕೆಂಪು ಆರಿ ಹಸಿರು ನಿಂತಿತು. ರಾತ್ರಿ ಎಂಟೂಮುಕ್ಕಾಲಕ್ಕೆ ಹುಡುಗಿಯ ಅರ್ಜಿ ಹೋಯಿತು. ನಾನು ಆ ಯುವಕನ ಮುಂದೆ ನಿಂತು, "ತಪ್ಪು ನನ್ನದಪ್ಪಾ. ಫೋನಿನಲ್ಲಿ ಆಡಬಾರದ ಮಾತು ಆಡಿದೆ" ಎಂದೆನು. ಆತ ನಾಚಿಕೊಂಡು, "ಬಿಡಿ ಸಾರ್, ಎಲ್ಲರೂ ಹಾಗೇ ಹೇಳುತ್ತಾರೆ" ಎಂದನು. ಅವನು ಸಮಾಧಾನಕ್ಕೆಂದು ಹೇಳಿದ ಆ ಮಾತೇ ನನಗೆ ಹೆಚ್ಚು ಚುಚ್ಚಿತು. ಬಿಸಿ ಕಾಫಿ ಕುಡಿದು ಆತ ಮತ್ತೆ ಮಳೆಗಿಳಿದನು.

ಅಂದಿನಿಂದ ನನಗೆ ಆ ಎಳೆಯ ವಿಷಯದಲ್ಲಿ ಕುತೂಹಲ ಹುಟ್ಟಿತು. ಓದಿದಂತೆಲ್ಲ ಬೆರಗು ಹೆಚ್ಚಿತು. ಹಳದಿ ಹೊದಿಕೆಯ ಒಳಗಿರುವುದು ತಾಮ್ರವಲ್ಲ, ಗಾಜು. ಅದರ ದಪ್ಪ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ 125 ಭಾಗ; ಅದರ ನಡುವೆ ಬೆಳಕು ಹರಿಯುವ ತಿರುಳು ಸುಮಾರು 9 ಭಾಗ ಮಾತ್ರ. ತಲೆಗೂದಲೂ ಇದಕ್ಕಿಂತ ಎಷ್ಟೋ ಪಾಲು ದಪ್ಪ. ತಿರುಳಿನ ಗಾಜು ಒಂದು ಬಗೆ, ಸುತ್ತಲಿನ ಗಾಜು ಇನ್ನೊಂದು ಬಗೆ. ಒಳಗೆ ಹೊಕ್ಕ ಬೆಳಕು ಈ ಎರಡರ ಗಡಿಯನ್ನು ತಾಗಿ ಒಳಕ್ಕೇ ಮರಳುತ್ತದೆ. ನಿಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಸಂಪೂರ್ಣ ಆಂತರಿಕ ಪ್ರತಿಫಲನವೆಂದು ಕರೆಯುತ್ತಾರೆ. ಎಳೆಯನ್ನು ಮೆಲ್ಲನೆ ಬಳಸಿದರೆ ಬೆಳಕೂ ಜೊತೆಗೆ ಬಳಸಿಕೊಂಡು ಹೋಗುತ್ತದೆ. ಚೂಪಾಗಿ ಮಡಿಸಿದರೆ ಗಡಿ ದಾಟಿ ಸೋರಿಹೋಗುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ನಮಗೆ ಬರುವ ಬೆಳಕು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಕಾಣದೆಂದು ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು, ಅದು ಅಪಾಯ.

ಈ ವಿದ್ಯೆಯಲ್ಲಿ ನಮ್ಮ ದೇಶದವರ ಪಾಲೂ ಉಂಟು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಅವರೊಡನೆ ದುಡಿದು, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು 1954ರಲ್ಲಿ ಪ್ರಕಟಿಸಿದರು. ಆದರೆ ಆ ಕಾಲದ ಗಾಜಿನಲ್ಲಿ ಬೆಳಕು ಸ್ವಲ್ಪ ದೂರ ಹೋಗುವಷ್ಟರಲ್ಲಿ ನಂದಿಹೋಗುತ್ತಿತ್ತು. ಗಾಜೇ ಇದಕ್ಕೆ ಒಗ್ಗದೆಂದು ಹಲವರು ಭಾವಿಸಿದ್ದರು. 1966ರಲ್ಲಿ ಚಾರ್ಲ್ಸ್ ಕಾವೊ ಎಂಬ ವಿಜ್ಞಾನಿ ತಮ್ಮ ಸಂಗಡಿಗರೊಡನೆ ಬೇರೆಯ ಮಾತನ್ನು ಹೇಳಿದರು: ದೋಷವು ಗಾಜಿನದಲ್ಲ, ಗಾಜಿನೊಳಗೆ ಸೇರಿದ ಕಲ್ಮಷದ್ದು, ಅದನ್ನು ತೆಗೆದರೆ ಬೆಳಕು ಬಹುದೂರ ಸಾಗುವುದು. ಆ ಮಾತು ನಿಜವಾಯಿತು. 2009ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ದೋಷವು ಎಲ್ಲಿದೆಯೆಂದು ಸರಿಯಾಗಿ ಗುರುತಿಸುವುದೇ ಅರ್ಧ ಪರಿಹಾರ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಯೋಚಿಸಿದಂತೆ ಇನ್ನೊಂದು ವಿಷಯವೂ ಹೊಳೆಯಿತು. ಹಳಗನ್ನಡದ ಪದ್ಯವನ್ನು ಎದುರಿಗಿಟ್ಟಾಗ ಮಕ್ಕಳು, "ಇದಕ್ಕೆ ಅರ್ಥವೇ ಇಲ್ಲ ಸಾರ್" ಎಂದು ಕೈಚೆಲ್ಲುತ್ತಿದ್ದರು. ನಾನು ಬಿಡುತ್ತಿರಲಿಲ್ಲ. "ಮೊದಲು ಸಂಧಿ ಬಿಡಿಸಿ ಪದ ಬೇರೆಮಾಡು. ಕ್ರಿಯಾಪದ ಹುಡುಕು. ಯಾರು, ಏನನ್ನು ಎಂದು ಅದನ್ನೇ ಕೇಳು. ಅನ್ವಯ ಮಾಡಿದ ಮೇಲೂ ತಿಳಿಯದಿದ್ದರೆ, ಯಾವ ಪದ ತಿಳಿಯಲಿಲ್ಲವೆಂದು ಹೇಳು" ಎನ್ನುತ್ತಿದ್ದೆನು. ಆ ಯುವಕ ಮಾಡಿದುದೂ ಅನ್ವಯವೇ ಅಲ್ಲವೆ? ಕಂಬ, ಗೋಡೆ, ಎಳೆ, ಪೆಟ್ಟಿಗೆ ಎಂದು ದಾರಿಯನ್ನು ಬಿಡಿಸಿದನು. ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂದು ಒಂದೊಂದನ್ನೇ ಕೇಳಿದನು. ಇಡೀ ಪದ್ಯವೇ ಕೆಟ್ಟಿದೆ ಎಂದು ಕೂಗಿದವನು ನಾನು.

ಈಗ ನನ್ನಲ್ಲಿಯೂ ಒಂದು ಕ್ರಮವಿದೆ. ಅಂತರಜಾಲ ನಿಂತಿತೆಂದರೆ ಮೊದಲು ಕೇಳಿಕೊಳ್ಳುವುದು, ನಿಂತಿರುವುದು ಒಂದೇ ಸಾಧನಕ್ಕೋ, ಎಲ್ಲಕ್ಕೋ ಎಂದು. ಒಂದಕ್ಕೇ ಆದರೆ ದೋಷ ಆ ಸಾಧನದ್ದು. ಎಲ್ಲಕ್ಕೂ ಆದರೆ ಪೆಟ್ಟಿಗೆಯ ದೀಪಗಳನ್ನು ನೋಡುವುದು. ಕೆಂಪು ಮಿಟುಕಿದರೆ ಬೆಳಕಿನ ದಾರಿಯಲ್ಲಿ ತೊಡಕು. ಕೆಂಪಿಲ್ಲದೆಯೂ ಪುಟ ತೆರೆಯದಿದ್ದರೆ ಪೆಟ್ಟಿಗೆಯನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹೊತ್ತಿಸುವುದು. ಆಗ ಅದು ಹಳೆಯ ಗೋಜಲನ್ನು ಮರೆತು ಹೊಸದಾಗಿ ಸಂಪರ್ಕ ಕೇಳಿಕೊಳ್ಳುತ್ತದೆ. ಕೆಲವೊಮ್ಮೆ ದಾರಿ ಸರಿಯಿದ್ದರೂ ವಿಳಾಸ ಸಿಗುವುದಿಲ್ಲ. ನಾವು ಬರೆಯುವ ಹೆಸರಿಗೆ ತಕ್ಕ ಅಂಕಿಯ ವಿಳಾಸವನ್ನು ಹುಡುಕಿಕೊಡುವ ಕೋಶವೊಂದುಂಟು; ಅದಕ್ಕೆ ಡಿಎನ್‌ಎಸ್ ಎಂದು ಹೆಸರು. ನಿಘಂಟು ಕಳೆದುಹೋದ ವಿದ್ಯಾರ್ಥಿಯ ಪಾಡು ಆಗ ಯಂತ್ರಕ್ಕೆ ಬರುತ್ತದೆ.

ವೈಫೈ ಎಂಬುದೂ ಅಂತರಜಾಲವೆಂಬುದೂ ಒಂದೇ ಅಲ್ಲ ಎಂಬುದನ್ನು ನಾನು ತಡವಾಗಿ ಕಲಿತೆನು. ಊರಿನಿಂದ ಪೆಟ್ಟಿಗೆಯವರೆಗೆ ಬರುವುದು ಅಂತರಜಾಲ. ಪೆಟ್ಟಿಗೆಯಿಂದ ನಮ್ಮ ಕೈಯ ಮೊಬೈಲಿಗೆ ಗಾಳಿಯಲ್ಲಿ ಹಾಯುವ ರೇಡಿಯೋ ಅಲೆ ವೈಫೈ. ಅದಕ್ಕೆ ದಪ್ಪ ಗೋಡೆಯೂ ಕಬ್ಬಿಣದ ಬೀರುವೂ ಅಡ್ಡಿ. ಎರಡು ಬಗೆಯ ಅಲೆಗಳಲ್ಲಿ 2.4 ಗಿಗಾಹರ್ಟ್ಸಿನದು ಗೋಡೆಗಳನ್ನು ದಾಟಿ ಹೆಚ್ಚು ದೂರ ಹೋಗುತ್ತದೆ. 5 ಗಿಗಾಹರ್ಟ್ಸಿನದು ಹತ್ತಿರದಲ್ಲಿ ಹೆಚ್ಚು ಚುರುಕು. ವೇಗದ ಲೆಕ್ಕದಲ್ಲಿಯೂ ನಾನೊಮ್ಮೆ ಮೋಸಹೋದೆನೆಂದು ತಿಳಿದಿದ್ದೆನು. ಒಪ್ಪಂದದಲ್ಲಿ 40 ಎಂದು ಬರೆದು 5 ಮಾತ್ರ ಕೊಡುತ್ತಿದ್ದಾರೆಂದು ನನ್ನ ದೂರು. 40 ಇದ್ದುದು ಮೆಗಾಬಿಟ್ಟು, 5 ಇದ್ದುದು ಮೆಗಾಬೈಟು. ಎಂಟು ಬಿಟ್ಟುಗಳಿಗೆ ಒಂದು ಬೈಟು. ಲೆಕ್ಕ ಸರಿಯಾಗಿಯೇ ಇತ್ತು. ಪುಣ್ಯಕ್ಕೆ ಆ ಸಲ ಬೈಯುವ ಮುನ್ನ ಭಾಗಾಕಾರ ಮಾಡಿದ್ದೆನು.

ಹುಡುಗಿಗೆ ವೇತನ ದೊರೆಯಿತು. ಈಗ ಅವಳು ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ. ರಜೆಯಲ್ಲಿ ಬಂದಾಗ ನಮ್ಮ ಮನೆಗೂ ಬಂದುಹೋಗುತ್ತಾಳೆ. ಪುಸ್ತಕದ ಕಪಾಟಿಗೂ ಗೋಡೆಗೂ ನಡುವೆ ನಾನು ಒಂದು ಗೇಣು ಜಾಗ ಬಿಟ್ಟಿದ್ದೇನೆ. ಅಲ್ಲಿ ಧೂಳು ಸೇರುತ್ತದೆಂದು ಮನೆಯವರು ಆಗಾಗ ಗೊಣಗುತ್ತಾರೆ. ಕಪಾಟನ್ನು ಮಾತ್ರ ನಾನು ಕದಲಿಸಿಲ್ಲ. ಏನಾದರೂ ಕೆಟ್ಟಾಗ ಸಿಟ್ಟು ಏರಿ ಫೋನಿನ ಕಡೆಗೆ ಕೈ ಹೋದರೆ, ಆ ಒಂದು ಗೇಣು ಜಾಗವನ್ನು ಒಮ್ಮೆ ನೋಡುತ್ತೇನೆ. "ಒಳಗೆ ಏನಾದರೂ ಕದಲಿಸಿದ್ದೀರಾ?" ಎಂದು ಆ ಯುವಕ ಕೇಳಿದ ಪ್ರಶ್ನೆಯನ್ನು ಮೊದಲು ನನಗೆ ನಾನೇ ಕೇಳಿಕೊಳ್ಳುತ್ತೇನೆ.